ಕೋವಿಯ ಅಳತೆಗೆ ಹಿತ್ತಾಳೆ ಹೊಂದಿಸುವ ಲೋರ್ನಾ

ಸೂರ್ಯ ಇನ್ನೂ ಗುಡ್ಡದಾಚೆಯೇ ಇದ್ದಾನೆ. ಲೋರ್ನಾ ಟ್ವೀಟ್ ತಮ್ಮ ಶೆಡ್ಡಿನಲ್ಲಿ ಕೂತು, ಗುಂಡು ಕೂರಿಸುವ ಹಿತ್ತಾಳೆಯ ಖಾಲಿ ತೋಟಾದೊಳಗೆ ಮದ್ದು ಹಾಕಿ, ಮೇಲೆ ಅಡುಗೆಮನೆಯ ಗೋಧಿ ರವೆ ತುಂಬುತ್ತಾರೆ. ಗುಂಡಿನ ಜಾಗಕ್ಕೆ ಬರೀ ಮೇಣ. ಕೋವಿಯನ್ನು ಎದುರಿನ ಮಣ್ಣುದಿಬ್ಬಕ್ಕೆ ಹಿಡಿದು ಹಾರಿಸಿದರೆ 'ಢಪ್' ಅನ್ನುವ ಸದ್ದು, ಸುತ್ತೆಲ್ಲ ಹುರಿದ ರವೆಯ ಘಮ. ಅಮೆರಿಕದ ಮೊಂಟಾನಾದ ಈ ಊರಿಗೆ ಬಂದು ನನಗೆ ತಲೆ ನರೆತಿದೆ. ಆದರೂ ಈ ವಾಸನೆಗೆ ನನ್ನ ದರಿದ್ರ ಮೂಗು ಇಂದಿಗೂ ಉಪ್ಪಿಟ್ಟು ಹುಡುಕುತ್ತದೆ.

ಕೋವಿಯೊಳಗೆ ಹೋದ ತೋಟಾ ಹಾಗೆಯೇ ಹೊರಗೆ ಬರುವುದಿಲ್ಲ. ಬೆಂಕಿಯ ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ಆ ಕೋವಿಯ ಒಳಗೂಡಿನ ಆಕಾರವನ್ನೇ ತಳೆಯುತ್ತದೆ. ಆಮೇಲೆ ಗುಂಡು ತುಂಬಿ ಬೇಟೆಗೆ ಒಯ್ಯುವುದು. "ದರ್ಜಿ ಕೆಲ್ಸ ಕಣಯ್ಯಾ ಇದು. ಅಂಗಡಿ ಅಂಗಿ ಎಲ್ಲರ ಮೈಗೂ ಕೂರಲ್ಲ," ಎನ್ನುತ್ತಾರೆ ಲೋರ್ನಾ.

ತೀರಿಹೋದ ಗಂಡ ಐನಾರ್ ಕೋವಿ ಕಟ್ಟುತ್ತಿದ್ದವನು. ತೋಟಾದ ಗೂಡು ಕೊರೆಯುವ ಉಳಿಯನ್ನೂ ತಾನೇ ಮಾಡಿಕೊಂಡಿದ್ದ. ಒಂದೊಂದು ಕೋವಿ ಮುಗಿದಾಗಲೂ ಆ ಉಳಿಯನ್ನು ಸಾಣೆ ಹಿಡಿದು ತುಸು ಸವೆಸುತ್ತಿದ್ದನಾದ್ದರಿಂದ ಅವನ ಒಂದು ಕೋವಿಯ ಗೂಡು ಇನ್ನೊಂದರಂತಿಲ್ಲ. ಆ ತೋಟಾಗಳನ್ನು ಯಾವ ಕಂಪನಿಯೂ ಮಾಡಿದ್ದಿಲ್ಲ, ಮಾಡಿದವರು ಲೋರ್ನಾ. "ಅವನಿಗೆಲ್ಲಿತ್ತು ತಾಳ್ಮೆ? ಕೋವಿ ಮುಗೀತು ಅಂದ್ರೆ ಕೈ ಒರೆಸ್ಕೊಂಡು ಕಾಫಿ ಅಂತ ಕೂಗೋನು. ಸುಡೋದು, ಉಜ್ಜೋದು, ಅಳೆಯೋದು ಎಲ್ಲ ನನ್ನ ತಲೆಗೆ!"

ಆಗೆಲ್ಲ ಬೇಟೆಗೆ ಮುಂಚಿನ ಸೆಪ್ಟೆಂಬರ್ ಬಂತೆಂದರೆ ಶೆಡ್ಡಿನ ಮುಂದೆ ಪಿಕಪ್ ಗಾಡಿಗಳ ಸಾಲು. ಹೆಂಗಸರು ಸೇಬಿನ ಪೈ ತರುತ್ತಿದ್ದರು, ಗಂಡಸರು ತಾವು ಹೊಡೆದ ಎಲ್ಕ್ ಜಿಂಕೆಯ ಕೊಂಬನ್ನು ಮಾತಿನಲ್ಲೇ ವರ್ಷವರ್ಷಕ್ಕೂ ಉದ್ದ ಮಾಡುತ್ತಿದ್ದರು. ಈಗ ಹೆಚ್ಚಿನವರಿಗೆಲ್ಲ ಅಂಗಡಿಯ ಕೋವಿ, ಅಂಗಡಿಯ ತೋಟಾ. ಲೋರ್ನಾಗೆ ಉಳಿದದ್ದು ಸುಟ್ಟ ಬೆರಳು, ಮಂದವಾದ ಕಿವಿ.

ಇವತ್ತು ಬೆಂಚಿನ ಮೇಲೆ ಕೂತಿರುವುದು ದನ ಸಾಕುವ ಮುದುಕ ವೇಡ್ ಪ್ರೂಯಿಟ್. ತೊಡೆಯ ಮೇಲಿರುವುದು ಐನಾರ್ ಕಟ್ಟಿಕೊಟ್ಟ ಕೋವಿ. ಕಣ್ಣು ಹೋಗುತ್ತಿದೆ, ಇದೇ ಅವನ ಕೊನೆಯ ಬೇಟೆ. ಆದರೆ ಅವನ ತೋಟಾಗಳ ಕತ್ತುಗಳೆಲ್ಲ ಸೀಳಿವೆ, ಹೊಸತು ಮಾಡಲು ಬೇಕಾದ ಅಳತೆಯ ಹಿತ್ತಾಳೆ ಈಗ ಬರುವುದೇ ಇಲ್ಲ. ಇರುವುದು ಒಂದೇ ಡಬ್ಬಿ: ಐನಾರ್ ತನ್ನ ಸ್ವಂತ ಕೋವಿಯಲ್ಲಿ ಕೊನೆಯ ಸಲ ಹಾರಿಸಿದ ತೋಟಾಗಳು. ಇವತ್ತು ಬೆಳಿಗ್ಗೆ ಮೊದಲು ಹಾರಿಸಿದ ಒಂದೆರಡು ಬೇರೊಬ್ಬ ಗಿರಾಕಿಯ ಬೇರೆ ಅಳತೆಯವು. ಈ ಡಬ್ಬಿಯನ್ನು ಲೋರ್ನಾ ಇನ್ನೂ ಮುಟ್ಟಿಲ್ಲ. ಐನಾರನ ಕೋವಿ ದೋಣಿ ಮಗುಚಿ ನದಿ ಪಾಲಾಯಿತು. ಅದರ ಆಕಾರ ಉಳಿದಿರುವುದು ಈ ತೋಟಾಗಳಲ್ಲಿ ಮಾತ್ರ. ವೇಡನ ಕೋವಿಯಲ್ಲಿ ಸುಟ್ಟರೆ ಅದೂ ಅಳಿಸಿಹೋಗುತ್ತದೆ.

"ಬೇಡ ಲೋರ್ನಾ. ಅಂಗಡಿ ಕೋವಿ ತಗೊಂಡು ಹೋಗ್ತೀನಿ."

"ಮೂತಿ ನೋಡ್ಕೋ! ಅಂಗಡಿ ಕೋವಿ ಹಿಡ್ಕೊಂಡು ಗುಡ್ಡ ಹತ್ತುತ್ತಾನಂತೆ."

"ಅವು ಅವನವು ಕಣಮ್ಮ."

"ನನಗೆ ಗೊತ್ತಿಲ್ವಾ?"

ಲೋರ್ನಾ ಡಬ್ಬಿ ತೆರೆದು ಒಂದನ್ನು ಅಂಗೈಯಲ್ಲಿಟ್ಟು ತುಸು ಹೊತ್ತು ನೋಡುತ್ತಾರೆ. ಬೇಜಾರಾಗಲ್ವಾ ಅಂತ ನಾನು ಕೇಳುತ್ತೇನೆ, ಪೆದ್ದನ ಹಾಗೆ. "ಆಗ್ದೇ ಇರತ್ತಾ? ಅಳೋದೆಲ್ಲ ನಿನ್ನೆನೇ ಅತ್ತಾಯ್ತು," ಎಂದು ಮೂಗು ಒರೆಸಿಕೊಳ್ಳುತ್ತಾರೆ. ದೀಪದ ಉರಿಗೆ ತೋಟಾದ ಕತ್ತು ಹಿಡಿದು ಮೆದು ಮಾಡಿ, ಅಚ್ಚಿನಲ್ಲಿ ಒತ್ತಿ ಕಿರಿದಾಗಿಸಿ, ಮದ್ದು ಹಾಕಿ, ರವೆ ತುಂಬಿ, ವೇಡನ ಕೋವಿಗೆ ಸೇರಿಸುತ್ತಾರೆ. ಢಪ್.

ಹೊರಬಂದ ತೋಟಾವನ್ನು ಅಳೆದು, ಇನ್ನೂ ಬಿಸಿಯಿರುವಾಗಲೇ ವೇಡನ ಅಂಗೈಗಿಟ್ಟು ಬೆರಳು ಮಡಚುತ್ತಾರೆ. ಆ ಮುದುಕ ಗಳಗಳ ಅಳುತ್ತಿದ್ದಾನೆ.

"ಸುಮ್ನಿರೋ. ಎಲ್ಕ್ ಬೇಟೆ ಟೈಮಲ್ಲಿ ಐನಾರ್ ಯಾವತ್ತಾದ್ರೂ ಮನೇಲಿ ಕೂತಿದ್ನಾ?" ಎನ್ನುತ್ತಾರೆ ಲೋರ್ನಾ. "ಅವನನ್ನೂ ಕರ್ಕೊಂಡು ಹೋಗು."