ನಡುಹೊಳೆಯಲ್ಲಿ ದೇವಿ ಹಾಕಿದ ದಿನ

ನಾನಿನ್ನೂ ಪರಕರ ತೊಡುವ ಚಿಕ್ಕವಳಿದ್ದಾಗ, ನಮ್ಮ ಕಂಪ್ಲಿಯ ಹೊಳೆಯ ಆಚೆ ದಡ ಬೇರೆ ದೇಶವೇ ಆಗಿತ್ತು. ಈಚೆ ಬ್ರಿಟಿಷರ ಸರ್ಕಾರ, ಆಚೆ ನಿಜಾಮರದು. ಅಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಅಕ್ಕನನ್ನು ಆಚೆ ದಡದ ಹಳ್ಳಿಗೇ ಕೊಟ್ಟಿದ್ದರು.

ಆ ಕಾಲದಲ್ಲಿ ಸಿಡುಬು ಬಂದರೆ ಮನೆಮನೆಯೇ ಖಾಲಿಯಾಗುತ್ತಿತ್ತು. ನಾವು ಅದರ ಹೆಸರು ಹಿಡಿಯುತ್ತಿರಲಿಲ್ಲ, ‘ಅಮ್ಮ ಬಂದಾಳ’ ಎನ್ನುತ್ತಿದ್ದೆವು. ಅದು ಬರದ ಹಾಗೆ ತೋಳಿಗೆ ಔಷಧ ಚುಚ್ಚುವುದಕ್ಕೆ ದೇವಿ ಹಾಕುವುದು ಎಂದು ಹೆಸರು. ಚುಚ್ಚಿ ತಿರುಪಿದರೆ ಚರ್ಮವೇ ಕಿತ್ತು ಬರುತ್ತಿತ್ತು. ಮೇಲಾಗಿ ಅಮ್ಮ ಸಿಟ್ಟಾಗುತ್ತಾಳೆಂಬ ಹೆದರಿಕೆ. ಅದಕ್ಕೇ ನಮ್ಮ ಕಡೆ ದೇವಿ ಹಾಕುವವರು ಬಂದರೆ ಹೆಂಗಸರು ಮಕ್ಕಳನ್ನು ಬಗಲಿಗೇರಿಸಿಕೊಂಡು ಆಚೆ ದಡಕ್ಕೆ ಹೋಗಿಬಿಡುತ್ತಿದ್ದರು. ಆ ಕಡೆ ಬಂದರೆ ಅಲ್ಲಿಯ ಹೆಂಗಸರು ಈಚೆಗೆ. ಒಂದು ಸರ್ಕಾರದವರು ಇನ್ನೊಂದರ ನೆಲಕ್ಕೆ ಕಾಲಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾವೂ ಹಾಗೇ ಓಡಿದೆವು. ಅಪ್ಪನ ಹರಿಗೋಲಿನ ಹಸಿ ತೊಗಲಿನ ವಾಸನೆ, ಪಾದದಡಿ ತಣ್ಣನೆಯ ನೀರು, ಅವ್ವನ ಮಡಿಲಲ್ಲಿ ನನ್ನ ತಮ್ಮ. ನಡುಹೊಳೆಗೆ ಬಂದಾಗ ಎದುರಿನಿಂದ ಇನ್ನೊಂದು ಹರಿಗೋಲು ಬಂತು. ಅದರ ತುಂಬ ಹೆಂಗಸರು, ಮಕ್ಕಳು.

“ಎಲ್ಲಿಗೆ ಹೊಂಟೀರಿ?” ಎಂದಳು ಅವ್ವ.

“ನಿಮ್ಮ ಕಡಿಗೇ. ನೀವು?”

“ನಾವೂ ನಿಮ್ಮ ಕಡಿಗೇ.”

ಎರಡೂ ಸರ್ಕಾರದವರು ಮೊದಲೇ ಮಾತಾಡಿಕೊಂಡು ಒಂದೇ ದಿನ ಬಂದಿದ್ದರು. ಅಂಥದ್ದು ಹಿಂದೆಂದೂ ಆಗಿರಲಿಲ್ಲ.

“ಮುಗೀತ್ ಬಿಡ್ರಿ, ಇನ್ನ ನಾವು ಮೀನಾಗಿ ನೀರಾಗ ಇರಬೇಕಷ್ಟ” ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಆ ಗುಂಪಿನಲ್ಲಿ ಅಕ್ಕ ಇದ್ದಳು. ಹರಿಗೋಲುಗಳು ತಾಗಿದವು. ಸೆರಗಿನೊಳಗಿದ್ದ ಕೂಸನ್ನು ಅವಳು ಅವ್ವನತ್ತ ಚಾಚಿದಳು. ಸೆರಗು ಜಾರಿತು. ಕೂಸಿನ ಮುಖದ ತುಂಬ ಕೀವಿನ ಗುಳ್ಳೆ. ಕಣ್ಣು ಎಲ್ಲಿವೆ ಎಂದೇ ತಿಳಿಯಲಿಲ್ಲ. ಅವ್ವನ ಕೈ ಗಾಳಿಯಲ್ಲೇ ನಿಂತಿತು.

“ಅಪ್ಪಾ, ತವರಿಗೆ ಕರಕೊಂಡು ನಡಿ” ಎಂದಳು ಅಕ್ಕ.

“ತವರಾಗೂ ಕೂಸದಾವ ಯವ್ವಾ.”

“ಹಂಗಾರ ಎಲ್ಲಿಗೆ ಹೋಗ್ಲಿ?”

ಅಪ್ಪ ಯಾರನ್ನೂ ದಾಟಿಸಲಾರೆ ಎಂದವನಲ್ಲ. ಅಂದು ಹೆತ್ತ ಮಗಳಿಗೇ ಅಂದ. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಅವನು ನಡುಹೊಳೆಯ ಕರಿಬಂಡೆಗೆ ಎರಡೂ ಹರಿಗೋಲು ಹಚ್ಚಿಸಿದ. ಅಕ್ಕನನ್ನು ಬಂಡೆಯ ಆ ತುದಿಯಲ್ಲಿ, ನಮ್ಮನ್ನೆಲ್ಲ ಈ ತುದಿಯಲ್ಲಿ ಕೂರಿಸಿದ. ಆಮೇಲೆ ರುಮಾಲು ಬಿಚ್ಚಿ ಎರಡೂ ದಡಗಳತ್ತ ಬೀಸಿದ.

ದೇವಿ ಹಾಕುವವರು ಎರಡೂ ಕಡೆಯಿಂದ ಬಂದರು. ನಮ್ಮ ಕಡೆಯವರು ಖಾಕಿ ಅಂಗಿ ತೊಟ್ಟಿದ್ದರು, ಆ ಕಡೆಯವರು ಕೆಂಪು ಟೋಪಿ ಇಟ್ಟಿದ್ದರು.

“ಈ ಬಂಡೆ ಯಾರ ಹದ್ದಿಗೆ ಬರತೈತಿ ಸಾಹೇಬ್ರ?” ಎಂದರು ನಮ್ಮವರು.

“ಮೊದ್ಲ ತೋಳ್ ಹಿಡೀರಿ. ಹದ್ದು ಆಮ್ಯಾಲ ನೋಡಾಣ” ಎಂದರು ಅವರು.

ಅವ್ವ ಎಲ್ಲರಿಗಿಂತ ಮೊದಲು ಕುಪ್ಪಸದ ತೋಳು ಮೇಲೇರಿಸಿದಳು. ಯಾರೂ ಅಳಲಿಲ್ಲ, ನಾವು ಮಕ್ಕಳೂ ಅಳಲಿಲ್ಲ. ನಮ್ಮವರ ಔಷಧ ಮುಗಿದಾಗ ಆ ಕಡೆಯವರು ತಮ್ಮ ಡಬ್ಬಿ ತೆರೆದರು.

ಅಕ್ಕನ ಕೂಸು ಉಳಿಯಲಿಲ್ಲ. ಬಂಡೆಯ ಮೇಲೆ ಚುಚ್ಚಿಸಿಕೊಂಡವರಲ್ಲಿ ಒಬ್ಬರಿಗೂ ಅಮ್ಮ ಬರಲಿಲ್ಲ. ಆದರೂ ಅಕ್ಕ ಮತ್ತೆ ಅಪ್ಪನ ಹರಿಗೋಲು ಹತ್ತಲು ವರ್ಷಗಳೇ ಹಿಡಿದವು.

ಮಕ್ಕಳೇ, ಇದನ್ನು ಬಾಯಿಬಿಟ್ಟು ಹೇಳಲು ನನಗೆ ಬಾರದು, ಅದಕ್ಕೇ ಬರೆದೆ. ಈಗ ಆ ರೋಗ ಭೂಮಿಯ ಮೇಲೇ ಇಲ್ಲ. ಸಂಡೂರಿನ ಅದಿರಿಗಾಗಿ ಎಲ್ಲೆಲ್ಲಿಯ ಜನವೋ ನಮ್ಮ ಹೊಸಪೇಟೆಗೆ ಬರುತ್ತಾರೆ. ಮೊನ್ನೆ ನಾವು ರೈಲಿನಲ್ಲಿ ಕೂತಿದ್ದಾಗ ಪೋಲಿಯೊ ಹನಿ ಹಾಕುವ ಹುಡುಗಿಯರು ಹತ್ತಿದರಲ್ಲ, ಪಕ್ಕದ ದೇಶಗಳಲ್ಲೂ ಅದೇ ಹನಿ ಹಾಕುತ್ತಾರಂತೆ. ಎದುರಿಗೆ ಒರಿಸ್ಸಾದ ಗಣಿ ಕೂಲಿಯವರ ಕೂಸು, ಇತ್ತ ನಮ್ಮ ಪುಟ್ಟಿ. ಯಾವ ಊರು, ಯಾವ ಸೀಮೆ ಎಂದು ಆ ಹುಡುಗಿಯರು ಕೇಳಲೇ ಇಲ್ಲ. “ಬಾಯಿ ತಗಿ ಪುಟ್ಟಾ” ಎಂದು ಹನಿ ಹಾಕಿ, ಕಿರುಬೆರಳಿಗೆ ಮಸಿ ಹಚ್ಚಿ ಮುಂದೆ ಹೋದರು. ಪುಟ್ಟಿ ನಾಲಿಗೆ ಚಪ್ಪರಿಸಿ “ಇನ್ನೊಂದು” ಎಂದಳು. ನೀವೆಲ್ಲ ನಕ್ಕಿರಿ. ನಾನು ತೋಳಿನ ಮೇಲಿನ ದೇವಿಯ ಕಲೆ ಸವರುತ್ತ ಕೂತೆ.