ಮೆತ್ತಕ್ಕ ಸಹಿ ಹಾಕದ ವಿಮಾನ

ವಿಮಾನ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಮೆತ್ತಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ಕೆಲಸವೇ ಮೆತ್ತುವುದು. ರಾಡಾರಿನ ಕಣ್ಣಿಗೆ ಬೀಳದ ಯುದ್ಧವಿಮಾನವೊಂದನ್ನು ಅಲ್ಲಿ ಹನ್ನೊಂದು ವರ್ಷಗಳಿಂದ ಕಟ್ಟುತ್ತಿದ್ದರು. ಅದರ ಮೈತುಂಬ ಸಾವಿರಾರು ಸ್ಕ್ರೂ. ಒಂದರ ತಲೆ ಕೂದಲೆಳೆಯಷ್ಟು ಮೇಲೆದ್ದರೂ ರಾಡಾರಿಗೆ ಸುಳಿವು ಸಿಕ್ಕಿಬಿಡುತ್ತದೆ. ಅದಕ್ಕೇ ಪ್ರತಿ ತಲೆಯ ಮೇಲೂ ಬೂದುಬಣ್ಣದ ಪೇಸ್ಟ್ ಮೆತ್ತಿ, ಒಣಗಿದ ಮೇಲೆ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ನೋಡಬೇಕು. ಮೆತ್ತಕ್ಕನ ಬೆರಳಿಗೆ ತಿಳಿದದ್ದು ಯಂತ್ರಕ್ಕೂ ತಿಳಿಯುತ್ತಿರಲಿಲ್ಲ. ಮನೆಯಲ್ಲೂ ಊಟದ ಮೇಜು ಸವರಿ, “ಇಲ್ಲೊಂದು ಉಬ್ಬಿದೆ” ಎನ್ನುತ್ತಿದ್ದಳು. ಅದನ್ನು ಮಾಡಿದ ಬಡಗಿ, ಅಂದರೆ ಆಕೆಯ ಗಂಡ, ಮುಖ ಗಂಟಿಕ್ಕಿಕೊಂಡು ಉಣ್ಣುತ್ತಿದ್ದ.

ಒಂದು ಸಂಜೆ ಪಕ್ಕದ ದೇಶದವರು ತಮ್ಮ ಹೊಸ ವಿಮಾನವನ್ನು ಟಿವಿಯಲ್ಲಿ ತೋರಿಸಿದರು. ವಾದ್ಯ, ಬಾವುಟ, ಸೆಲ್ಯೂಟ್. ಗಂಡ ಟಿವಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದ.

“ಅಯ್ಯೋ, ಇದು ಪ್ಲೈವುಡ್ಡು ಕಣೇ! ರೆಕ್ಕೆ ಅಂಚು ನೋಡು, ನೀರು ಕುಡಿದು ಊದ್ಕೊಂಡಿದೆ.”

ಮರುದಿನ ಕಾರ್ಖಾನೆಯ ನಿರ್ದೇಶಕರು ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದರು. “ಹತ್ತು ದಿನದಲ್ಲಿ ನಮ್ಮದು ಹಾರಲೇಬೇಕು. ಮಂತ್ರಿಗಳೇ ಹೇಳಿದಾರೆ.”

“ಸಾರ್, ಅವರದು ಬರೀ ಪ್ಲೈವುಡ್ಡು” ಎಂದಳು ಮೆತ್ತಕ್ಕ.

“ಯಾರು ಹೇಳಿದ್ದು? ಗೂಢಚಾರರಾ?”

“ನಮ್ಮನೆಯವರು.”

ಶೆಡ್ಡೆಲ್ಲ ಗೊಳ್ಳೆಂದಿತು. ನಿರ್ದೇಶಕರು ನಗಲಿಲ್ಲ.

“ಪೇಸ್ಟ್ ಒಣಗೋಕೇ ಮೂರು ವಾರ ಬೇಕು ಸಾರ್.”

“ಫ್ಯಾನ್ ಹಾಕಿ ಅಮ್ಮಾ.”

ಹನ್ನೆರಡು ಫ್ಯಾನ್ ಬಂದವು. ಹತ್ತನೆಯ ದಿನ ನಿರ್ದೇಶಕರು ‘ವಿಮಾನ ಹಾರಲು ಸಿದ್ಧ’ ಎಂಬ ಕಾಗದ ಹಿಡಿದು ಆಕೆಯೆದುರು ನಿಂತರು. ಮೆತ್ತಕ್ಕ ರೆಕ್ಕೆಯ ಮೇಲೆ ಹೆಬ್ಬೆರಳೊತ್ತಿದಳು. ಗೆರೆಗೆರೆಯಾಗಿ ಗುರುತು ಮೂಡಿತು.

“ನಾನು ಸಹಿ ಹಾಕಲ್ಲ ಸಾರ್. ವಿಮಾನದ ಮೇಲೇ ಹೆಬ್ಬೆಟ್ಟು ಒತ್ತಿದೀನಿ, ಬೇಕಾದ್ರೆ ಅದನ್ನೇ ಇಟ್ಕೊಳ್ಳಿ.”

ಕೊನೆಗೆ ನಿರ್ದೇಶಕರೇ ಸಹಿ ಗೀಚಿದರು.

ವಿಮಾನವೇನೋ ಹಾರಿತು. ಆದರೆ ಮೋಡ ಮುಟ್ಟುವಷ್ಟರಲ್ಲಿ ಪೇಸ್ಟ್ ಹಳೇ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದಿತು. ರಾಡಾರ್ ಪರದೆಯ ಮುಂದೆ ಕೂತಿದ್ದ ಮಂತ್ರಿಗಳಿಗೆ ದಪ್ಪನೆಯ ಚುಕ್ಕೆಯೊಂದು ರಾಜಾರೋಷವಾಗಿ ಸಾಗುವುದು ಕಂಡಿತು. ಅವರು ಕೈ ತಟ್ಟಿದರು.

“ಭೇಷ್! ಎಷ್ಟು ಚೆನ್ನಾಗಿ ಕಾಣ್ತಿದೆ!”

ಕಾಣಬಾರದು ಎಂದು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ನಿರ್ದೇಶಕರೂ ಕೈ ತಟ್ಟಿದರು, ಬೆವರುತ್ತ.

ಮರುದಿನ ಅವರು ಒಬ್ಬರೇ ಶೆಡ್ಡಿಗೆ ಬಂದರು. “ಎಷ್ಟು ದಿನ ಬೇಕಮ್ಮಾ?”

“ಕೆರೆಯೋಕೆ ಒಂದು ತಿಂಗಳು, ಮೆತ್ತೋಕೆ ಮೂರು. ಅಷ್ಟು ದಿನ ನೀವು ಈ ಕಡೆ ತಲೆ ಹಾಕಬಾರದು.”

ಅವರು ತಲೆ ಹಾಕಲಿಲ್ಲ. ಈ ನಡುವೆ, ನಮ್ಮದು ಹಾರಿದ್ದು ನೋಡಿ ಗಾಬರಿಬಿದ್ದ ಪಕ್ಕದ ದೇಶದವರು ನಿಜವಾದ ವಿಮಾನವನ್ನೇ ತರಾತುರಿಯಿಂದ ಕಟ್ಟತೊಡಗಿದರೆಂದು ಸುದ್ದಿ ಬಂತು. ಮೆತ್ತಕ್ಕ ಕೆರೆಯುವುದನ್ನು ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಂಡಳು.

“ಪಾಪ, ಅಲ್ಲೂ ನನ್ನಂಥೋಳು ಒಬ್ಬಳು ಇರ್ತಾಳೆ. ಅವಳನ್ನು ಎಷ್ಟು ಗೋಳು ಹುಯ್ಕೋತಿದಾರೋ.”

ನಾಲ್ಕು ತಿಂಗಳ ಮೇಲೆ ಸಹಿ ಹಾಕಿದಳು, ಪೂರ್ತಿ ಹೆಸರು ಬರೆದು. ಈ ಸಲ ಮಂತ್ರಿಗಳನ್ನು ಕರೆಯಲಿಲ್ಲ. ವಿಮಾನ ಮುಕ್ಕಾಲು ಗಂಟೆ ಹಾರಾಡಿತು, ಪರದೆ ಖಾಲಿಯೇ ಇತ್ತು. ಸುದ್ದಿ ಶೆಡ್ಡಿಗೆ ಮುಟ್ಟಿದಾಗ ಮೆತ್ತಕ್ಕ ಪೇಸ್ಟಿನ ಡಬ್ಬದ ಮೇಲೆ ಕುಸಿದು ಕೂತು, ಯಾಕೆಂದು ತನಗೇ ತಿಳಿಯದೆ ಬಿಕ್ಕಿ ಬಿಕ್ಕಿ ಅತ್ತಳು. ಮೂಗೊರೆಸಿಕೊಂಡು ಒಂದು ವಾರ ರಜೆ ಕೇಳಿದಳು. ಎರಡು ದಿನ ಕೊಟ್ಟರು.