ಅವ್ವ ಓದು ಕಲಿತ ರಜೆ

ಅಪ್ಪನ ಕಾಗದಗಳನ್ನು ಇಲಿ ತಿನ್ನಲಿಲ್ಲ. ನಾನೇ ಬಚ್ಚಲೊಲೆಗೆ ಹಾಕಿದೆ, ಹೊಟ್ಟೆಕಿಚ್ಚಿಗೆ. ಮೊನ್ನೆ ಸೊಸೆ ಹಿತ್ತಲಲ್ಲಿ ಹಳೇ ಲಕೋಟೆಗಳನ್ನು ಸುಡುವಾಗ ಅದೇ ವಾಸನೆ ಮೂಗಿಗೆ ಬಡಿಯಿತು, ಅಂಟು ಬೆಂದ ಹುಳಿ ವಾಸನೆ. ಬಳ್ಳಿಗಾವಿಯ ನಮ್ಮ ಮನೆ ಈಗಿಲ್ಲ, ಅಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಅಪ್ಪನೂ ಹೋದ, ಅವ್ವನೂ ಹೋದಳು. ಈಗ ಹೇಳಿದರೆ ಬೈಯುವವರಿಲ್ಲ.

ಅಪ್ಪ ಮಿಲಿಟರಿ ಸೇರಿದಾಗ ಹೆಬ್ಬೆಟ್ಟು. ಅಲ್ಲಿ ಜೊತೆಯವನೊಬ್ಬ ಕಾಗದ ಬರೆದುಕೊಡುತ್ತಿದ್ದ, ಇಲ್ಲಿ ನಾನು ಓದುತ್ತಿದ್ದೆ. ನನ್ನನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು, ಆದರೂ ಮನೆಯಲ್ಲಿ ಅಕ್ಷರ ಬರುತ್ತಿದ್ದವಳು ನಾನೊಬ್ಬಳೇ. ಇನ್‌ಲ್ಯಾಂಡ್ ಬಂದ ದಿನ ಅವ್ವ ಸೆರಗಿಗೆ ಕೈಯೊರೆಸಿಕೊಂಡು ನನ್ನೆದುರು ಬಂದು ಕೂರುತ್ತಿದ್ದಳು. "ಓದವ್ವ, ಏನ್ ಬರ್ದಾರೆ?" ಎನ್ನುವಾಗ ಅವಳ ದನಿಯೇ ಬೇರೆ. ಅಪ್ಪ ಬರೆಸದೇ ಇದ್ದದ್ದನ್ನೂ ನನ್ನ ಹೆಸರು ಸೇರಿಸಿ ಓದುತ್ತಿದ್ದೆ. ಗಿರಿಜೆಗೆ ಹೊಸ ಲಂಗ ಹೊಲಿಸು. ಗಿರಿಜೆ ಕೈಲಿ ಸಗಣಿ ಬಾಚಿಸಬೇಡ. ಅವ್ವ ಲಂಗ ಹೊಲಿಸಿದಳು, ಸಗಣಿ ತಾನೇ ಬಾಚಿದಳು.

ಅರವತ್ತೈದರ ಯುದ್ಧ ಮುಗಿದ ಮೇಲೆ ಕ್ಯಾಂಪಿನಲ್ಲಿ ಅಪ್ಪನಂಥವರಿಗೆ ಪಾಠ ಹೇಳಲು ಹವಾಲ್ದಾರ್ ಮೇಷ್ಟ್ರೊಬ್ಬರು ಬಂದರಂತೆ. ಧಾರವಾಡದ ಕಡೆಯವರು, ಅಪ್ಪನಿಗಿಂತ ಚಿಕ್ಕವರು. ಬೆಳಿಗ್ಗೆ ಎಲ್ಲರಿಗೂ ಹಿಂದಿ, ಸಂಜೆ ನಮ್ಮ ಕಡೆಯವರನ್ನು ಬೇರೆ ಕೂರಿಸಿಕೊಂಡು ಕನ್ನಡ. ಮೀಸೆ ಹೊತ್ತ ಗಂಡಸರು ಮದ್ದುಗುಂಡಿನ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಅ ಆ ತಿದ್ದಿದರಂತೆ. ಆ ಮೇಷ್ಟ್ರದು ಒಂದು ಕಟ್ಟಳೆ. ರಜೆಗೆ ಹೋದವನು ಮನೆಯಲ್ಲಿ ಅಕ್ಷರ ಬಾರದ ಒಬ್ಬರಿಗೆ ಕಲಿಸಬೇಕು, ಅವರ ಕೈಯಲ್ಲೇ ಒಂದು ಸಾಲು ಬರೆಸಿ ತಂದು ತೋರಿಸಬೇಕು.

ಆ ಸಲ ರಜೆಗೆ ಬಂದ ಅಪ್ಪ ಟ್ರಂಕಿನಿಂದ ಸ್ಲೇಟು ತೆಗೆದ. ನಾನು ಕೈ ಚಾಚಿದೆ. "ನಿಂಗ್ ಬರ್ತದಲ್ಲ ಮಾರಾಯ್ತಿ, ಸರಿ ಅತ್ಲಾಗೆ" ಎಂದು ಅವ್ವನನ್ನು ಕರೆದ.

"ನಂಗ್ಯಾಕ್ರೀ ಈ ವಯಸ್ಸಿಗೆ? ಎಮ್ಮೆ ಬಂದು ಓದ್ಹೇಳು ಅಂತದಾ?"

"ನಾನ್ ಕಲಿಯೋವಾಗ ನಂಗೇನ್ ಮೀಸೆ ಬಂದಿರ್ಲಿಲ್ಲೇನೇ? ಕೂರು ಸುಮ್ನೆ."

ಅಪ್ಪ ಅವ್ವನ ಕೈ ಹಿಡಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಈಗ ದಿನಾ ಸಂಜೆ ಮಣಿಕಟ್ಟು ಹಿಡಿದು ತಿದ್ದಿಸುತ್ತಿದ್ದ. ಅವಳು ತಪ್ಪು ಬರೆದು ಸೆರಗಿನಲ್ಲಿ ಒರೆಸುವುದು, ಅವನು ಬೈಯುವುದು, ಇಬ್ಬರೂ ನಗುವುದು. ನಾನು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಎರಡು ರೊಟ್ಟಿ ಸೀದರೂ ಕೇಳುವವರಿರಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಅವ್ವ ಶಿಕಾರಿಪುರದ ಬಸ್ಸಿನ ಬೋರ್ಡು ಕೂಡಿಸಿ ಓದಿದಳು. ಅವಳು ಬರೆದ ಸಾಲನ್ನು ಅಪ್ಪ ಜೇಬಿಗಿಟ್ಟುಕೊಂಡು ಹೊರಟ. ಅವನು ಹೋದ ದಿನವೇ, "ಹಳೇ ಕಾಗ್ದ ಎಲ್ಲಾ ತೆಗ್ದು ನಾನೇ ಓದ್ತೀನಿ ತಡಿ" ಎಂದಳು. ಅವಳು ನೀರಿಗೆ ಹೋದ ಹೊತ್ತಿನಲ್ಲಿ ಎಲ್ಲವನ್ನೂ ಸುಟ್ಟೆ. ಲಂಗದ ಸುಳ್ಳು ಹೊರಬೀಳುವ ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಭಯ ಕಾಲುಭಾಗ. ನನ್ನನ್ನು ಬಿಟ್ಟು ಅವಳು ಅಪ್ಪನ ಮಾತು ಓದುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಇಲಿ ಎಂದೆ. ನಂಬಿದಳು, ಅತ್ತಳು.

ತಿಂಗಳಿಗೆ ಅಪ್ಪ ತನ್ನ ಕೈಯಾರೆ ಬರೆದ ಕಾಗದ ಬಂತು. ಅಂಚೆಯವನ ಹತ್ತಿರ ಅವ್ವನೇ ಇಸಿದುಕೊಂಡಳು. ಕಂಬಕ್ಕೊರಗಿ, ತುಟಿ ಆಡಿಸುತ್ತಾ ಒಂದೊಂದೇ ಅಕ್ಷರ ಓದಿದಳು. ಅರ್ಧಕ್ಕೆ ಬಂದಾಗ ಒಬ್ಬಳೇ ನಕ್ಕಳು.

"ಏನವ್ವ, ಏನ್ ಬರ್ದಾನೆ ಅಪ್ಪ?"

"ಏನಿಲ್ಲ. ನಿಂಗಲ್ಲ ಅದು."

ಮಡಿಸಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು.

ಮರುದಿನ ಬೆಳಿಗ್ಗೆ ಅವಳು ಹಾಲು ಕರೆಯಲು ಹೋದಾಗ ಆ ಕಾಗದ ತೆಗೆದು ಎರಡು ಸಲ ಓದಿದೆ. ಇಲ್ಲಿ ಚಳಿ ಬಹಳ ಎಂದಿತ್ತು. ನಿನ್ನ ಸಾಲು ಮೇಷ್ಟ್ರಿಗೆ ತೋರಿಸಿದೆ ಎಂದಿತ್ತು. ಸೊಂಟನೋವು ಹೇಗಿದೆ ಎಂದು ಕೇಳಿತ್ತು. ನಗುವಂಥದ್ದು ಒಂದೂ ಇರಲಿಲ್ಲ. ಅವಳು ಎಲ್ಲಿ ನಕ್ಕಳೆಂದು ಸಾಲಿನ ಮೇಲೆ ಬೆರಳಿಟ್ಟು ಹುಡುಕಿದೆ, ಸಿಗಲಿಲ್ಲ. ಇದ್ದ ಮಡಿಕೆಯಲ್ಲೇ ಮಡಿಸಿಟ್ಟು, ಕೊಡ ತೆಗೆದುಕೊಂಡು ಬಾವಿಗೆ ಹೋದೆ.